ಪಕ್ಕದ ಪ್ಲಾಟು ಕೊಂಡವರಿಗೆ ಒಂದು ಬಹಿರಂಗ ಪತ್ರ

ಬುಟಿಬೋರಿ, ನಾಗಪುರ ಜಿಲ್ಲೆ
ಭಾದ್ರಪದ ಮಾಸ



ಮೊನ್ನೆ ಶನಿವಾರ ಬೆಳಗ್ಗೆ ಹಿತ್ತಲ ಬಾಗಿಲು ತೆರೆದಾಗ ಪಕ್ಕದ ಪ್ಲಾಟಿನಲ್ಲಿ ಸುಣ್ಣದ ಗೆರೆ ಬಿದ್ದಿತ್ತು. ನಾಲ್ಕು ಮೂಲೆಗೆ ನಾಲ್ಕು ಗೂಟ, ಗೂಟದಿಂದ ಗೂಟಕ್ಕೆ ಹಸಿರು ದಾರ. ಪ್ಲಾಟಿನ ದಲಾಲಿಯನ್ನು ಕೇಳಿದೆ. "ನಿಮ್ಮ ಕಡೆಯವರೇ ತಾಯಿ, ಬೀದರಿನವರು" ಅಂದ. ಇಲ್ಲಿನ ಕಾರ್ಖಾನೆಯೊಂದಕ್ಕೆ ಬದಲಿಯಾಗಿ ಬರುತ್ತಿದ್ದೀರಂತೆ, ದಸರೆಗೆ ಭೂಮಿಪೂಜೆಯಂತೆ, ಮರುದಿನವೇ ಜೆಸಿಬಿ ಬಂದು ಜಾಗ ಸಾಫು ಮಾಡುತ್ತದಂತೆ. ನಿಮ್ಮ ಫೋನ್ ನಂಬರು ಕೊಡಲು ಮಾತ್ರ ಅವನು ಒಪ್ಪಲಿಲ್ಲ. ಅದಕ್ಕೇ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಕನ್ನಡ ಓದುವ ಮನೆಯವರು, ನಿಮ್ಮ ಕೈಗೆ ಬಂದೀತು. ಬರದಿದ್ದರೆ, ಎಲ್ಲೋ ಊರ ಹೊರಗೆ ಇಂಥದೇ ಪ್ಲಾಟು ಕೊಂಡ ಇನ್ನೊಬ್ಬರ ಕೈಗಾದರೂ ತಲುಪಲಿ.

ನಾನು ಗದಗ ಜಿಲ್ಲೆಯ ಶಿರಹಟ್ಟಿ ಕಡೆಯವಳು. ಇಲ್ಲಿಗೆ ಬಂದು 23 ವರ್ಷವಾಯಿತು. ಹೈದರಾಬಾದಿನ ದಾರಿಯೂ ವರ್ಧಾದ ದಾರಿಯೂ ಕವಲೊಡೆಯುವ ಈ ಊರಿನಲ್ಲಿ ಬಸ್ಸಿನಿಂದ ಇಳಿದಾಗ ಕಂಡದ್ದು ಕಾರ್ಖಾನೆಗಳ ಚಿಮಣಿ, ಲಾರಿಗಳ ಸಾಲು, ಧೂಳು. ಮದುವೆಯಾಗಿ ಬಂದ ಹೊಸದರಲ್ಲಿ ಬಹಳ ಅತ್ತಿದ್ದೇನೆ. ನನ್ನ ಕಣ್ಣೀರು ನಿಂತದ್ದು ಇಲ್ಲಿಯ ಮಣ್ಣು ನೋಡಿ. ಅದು ನಮ್ಮದೇ ಎರೆ ಮಣ್ಣು. ಬೇಸಿಗೆಗೆ ಬಾಯಿಬಿಟ್ಟು, ಮಳೆಗೆ ಕಾಲಿಗೆ ಅಂಟಿ ಚಪ್ಪಲಿ ಕಿತ್ತುಕೊಳ್ಳುವ ಅದೇ ಕರಿ ಮಣ್ಣು. ಅದೇ ಹತ್ತಿ, ಅದೇ ತೊಗರಿ. ಆಮೇಲೆ ಒಂದೊಂದಾಗಿ ಹಕ್ಕಿಗಳ ಗುರುತು ಸಿಕ್ಕಿತು. ತವರಿನವರೇ ಒಬ್ಬೊಬ್ಬರಾಗಿ ಬಂದು ಮಾತಾಡಿಸಿದ ಹಾಗಾಯಿತು.

ನೀವು ಕೊಂಡ ಜಾಗದ ಖರೀದಿಪತ್ರದಲ್ಲಿ "ಖಾಲಿ ಪ್ಲಾಟು" ಎಂದು ಬರೆದಿರುತ್ತದೆ. ನಾನು ಅದರ ಪಕ್ಕದಲ್ಲೇ ಇಷ್ಟು ವರ್ಷ ಇದ್ದವಳು. ಆ ಜಾಗ ಒಂದು ದಿನವೂ ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ. ಅಲ್ಲಿ ಯಾರು ಯಾರು ಇದ್ದಾರೆ ಎಂಬುದು ಪಾಯ ತೋಡುವ ಮೊದಲು ನಿಮಗೆ ಗೊತ್ತಾಗಬೇಕು.

ಹಿಂದಿನ ಮೂಲೆಯಲ್ಲಿ, ನಮ್ಮ ಕಾಂಪೌಂಡಿಗೆ ತಾಗಿದಂತೆ, ಒಂದು ಬಾರಿಗಿಡ ಇದೆ. ಮೈಸೂರು ಕಡೆಯವರು ಎಲಚಿ ಎನ್ನುತ್ತಾರೆ. ಇಲ್ಲಿ ಹಣ್ಣಿಗೆ ಬೋರ, ಮರಕ್ಕೆ ಬೋರಿ. ಊರಿನ ಹೆಸರು ಕರೆದಾಗಲೆಲ್ಲ ನನಗೆ ಆ ಮರವನ್ನೇ ಕರೆದಂತೆ ಕೇಳಿಸುತ್ತದೆ. ಅದನ್ನು ಯಾರೂ ನೆಟ್ಟಿಲ್ಲ. ಯಾವುದೋ ಹಕ್ಕಿಯೋ ನರಿಯೋ ಬೀಜ ಉದುರಿಸಿ ಹೋದದ್ದು. ನಾನು ಬಂದಾಗ ಮೊಳಕಾಲೆತ್ತರದ ಮುಳ್ಳುಪೊದೆ, ಈಗ ಎರಡಾಳೆತ್ತರ ದಾಟಿದೆ. ಸಂಕ್ರಾಂತಿಗೆ ನಮ್ಮಲ್ಲಿ ಮಕ್ಕಳ ತಲೆಯ ಮೇಲೆ ಬಾರಿಹಣ್ಣು ಎರೆಯುತ್ತೇವಲ್ಲ, ಇಲ್ಲಿಯವರೂ ಎರೆಯುತ್ತಾರೆ, ಬೋರನ್ಹಾಣ ಅನ್ನುತ್ತಾರೆ. ನನ್ನ ಇಬ್ಬರು ಮಕ್ಕಳಿಗೂ ಓಣಿಯ ಮರಾಠಿ ಹೆಂಗಸರು ಆರತಿ ಮಾಡಿ ಎರೆದದ್ದು ಇದೇ ಗಿಡದ ಹಣ್ಣು. ಭಾಷೆ ಬಾರದ ನನ್ನನ್ನು ಈ ಓಣಿ ಒಳಗೆ ಕರೆದುಕೊಂಡದ್ದು ಆ ದಿನ.

ಈಗ ಆ ಮರ ಹೂ ಬಿಟ್ಟಿದೆ. ಅಕ್ಕಿ ನುಚ್ಚಿನಷ್ಟು ಸಣ್ಣ, ಹಸಿರೋ ಹಳದಿಯೋ ಹೇಳಲು ಬಾರದ ಹೂ. ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ, ಇಡೀ ಮರ ಗುಂಯ್ ಎನ್ನುತ್ತಿರುತ್ತದೆ. ಜೇನುನೊಣ, ಕಣಜ, ಹೆಸರು ತಿಳಿಯದ ನೂರು ಬಗೆಯ ನೊಣ. ಬಿಳಿ ರೆಕ್ಕೆಯ ಮೇಲೆ ಶಾಯಿ ಚಿಮುಕಿಸಿದಂತೆ ಕರಿ ಚುಕ್ಕೆಗಳಿರುವ ಒಂದು ಪುಟ್ಟ ಚಿಟ್ಟೆ ಇದರ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿಹುಳುವಿನ ಊಟ ಬಾರಿ ಜಾತಿಯ ಎಲೆ. ಹುಳುಗಳ ಹಿಂದೆ ಕಾಜಾಣ ಬರುತ್ತದೆ. ಕಾಗೆ, ಹದ್ದು ಯಾವುದೇ ಬರಲಿ ಬೆನ್ನಟ್ಟಿ ಓಡಿಸುವ ಈ ಹಕ್ಕಿಗೆ ಮರಾಠಿಯವರು ಕೋತವಾಲ ಎಂದು ಹೆಸರಿಟ್ಟಿದ್ದಾರೆ. ಕೋತವಾಲ ಕಾವಲಿರುವ ಮರದಲ್ಲಿ ಸಣ್ಣ ಹಕ್ಕಿಗಳು ಧೈರ್ಯವಾಗಿ ಗೂಡು ಕಟ್ಟುತ್ತವೆ. ಮುಳ್ಳಿನ ಬೇಲಿ ಒಂದು, ಕೋತವಾಲ ಒಂದು, ಬೆಕ್ಕಿಗೆ ಎರಡು ಕಡೆಯಿಂದ ತಡೆ.

ಗುಬ್ಬಿಯ ವಿಷಯ ಒಂದು ಮಾತು. ಪ್ರತಿ ವರ್ಷ ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ ಬರುತ್ತದೆ. ಮಹಾರಾಷ್ಟ್ರದವರೇ ಆದ ನಾಸಿಕದ ಮೊಹಮ್ಮದ್ ದಿಲಾವರ್ ಅವರ ಸಂಸ್ಥೆ 2010ರಲ್ಲಿ ಶುರು ಮಾಡಿದ್ದು. ಅಂದು ಮನೆಮನೆಯಲ್ಲೂ ರಟ್ಟಿನ ಡಬ್ಬಿ ತೂಗುಹಾಕಿ, ಅಂಗಳಕ್ಕೆ ಅಕ್ಕಿ ಎಸೆಯುತ್ತೇವೆ. ಅಕ್ಕಿ ದೊಡ್ಡ ಗುಬ್ಬಿಗಾಯಿತು. ಕಣ್ಣು ಬಿಡದ ಮರಿಗೆ ತಾಯಿ ಅಕ್ಕಿ ಉಣಿಸುವುದಿಲ್ಲ, ಮೆತ್ತನೆಯ ಹುಳು ಹುಡುಕಿ ತರುತ್ತದೆ. ನಮ್ಮ ಮನೆಯ ಕೂಲರಿನ ಹಿಂದೆ ಗೂಡು ಕಟ್ಟಿದ ಜೋಡಿ ಹುಳು ತರಲು ಹೋಗುತ್ತಿದ್ದುದು ನಿಮ್ಮ ಪ್ಲಾಟಿನ ಹುಲ್ಲಿಗೆ. ಬೆಳಗ್ಗೆ ಒಂದು ಗಂಟೆಯಲ್ಲಿ ಎಷ್ಟು ಸಲ ಹೋಗಿ ಬರುತ್ತವೆ ಎಂದು ನನ್ನ ಮಗಳು ಶಾಲೆಗೆ ರಜೆ ಇದ್ದಾಗ ಕೂತು ಎಣಿಸಿದ್ದಳು. ಇಪ್ಪತ್ತೇಳು ಸಲ. ಹುಲ್ಲಿನ ಮೇಲೆ ಸಿಮೆಂಟಿನ ಪೇವರ್ ಹಾಸಿದ ಮೇಲೆ ಅವು ಎಲ್ಲಿಗೆ ಹೋಗಬೇಕು?

ಚಳಿಗಾಲಕ್ಕೆ ಹಣ್ಣು. ಗಿಳಿಗಳ ಹಿಂಡು ಅರ್ಧ ತಿಂದು ಅರ್ಧ ಕೆಡವುತ್ತದೆ. ಪಿಕಳಾರ, ಗೊರವಂಕ ಉಳಿದದ್ದನ್ನು ಮುಗಿಸುತ್ತವೆ. ಕೆಳಗೆ ಬಿದ್ದದ್ದು ಅಳಿಲಿಗೆ. ಹರಟೆಮಲ್ಲಗಳು ಏಳೆಂಟು ಒಟ್ಟಿಗೆ ಬಂದು ತರಗೆಲೆ ಕೆದರುತ್ತವೆ. ಮರಾಠಿಯವರಿಗೆ ಅವು ಸಾತಭಾಯಿ, ಏಳು ಜನ ಅಣ್ಣತಮ್ಮಂದಿರು. ಸಂಜೆಗೆ ಮುಂಗುಸಿ ಒಂದು ಸಲ ಗಸ್ತು ಹೊಡೆಯುತ್ತದೆ. ಕೆಲವು ವರ್ಷಗಳ ಹಿಂದಿನವರೆಗೂ ರಾತ್ರಿ ನರಿಯ ಕೂಗು ಕೇಳುತ್ತಿತ್ತು. ಪಶ್ಚಿಮಕ್ಕೆ ವರ್ಧಾ ಜಿಲ್ಲೆಯ ಬೋರ ಕಾಡಿದೆ, 2014ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅಲ್ಲಿಯ ಹುಲಿಗೆ ಕಾವಲುಗಾರರು, ಜೀಪು, ಕ್ಯಾಮೆರಾ ಎಲ್ಲ ಇವೆ. ಇರಬೇಕಾದದ್ದೇ. ಆದರೆ ಪ್ಲಾಟಿನ ಮುಂಗುಸಿಗೆ ಪ್ಲಾಟು ಕೊಂಡವರನ್ನು ಬಿಟ್ಟು ಬೇರೆ ದಿಕ್ಕಿಲ್ಲ.

ಬೇಸಿಗೆ ಹೇಳದಿದ್ದರೆ ನಾಗಪುರದ ಬಗ್ಗೆ ಬರೆದಂತೆಯೇ ಅಲ್ಲ. ನಮ್ಮಲ್ಲಿ ರೋಹಿಣಿ ಎಂದರೆ ಮಳೆಯ ಹೆಸರು, ಹೊಲ ಹಸನು ಮಾಡುವ ಹೊತ್ತು. ಇಲ್ಲಿ ಸೂರ್ಯ ರೋಹಿಣಿಗೆ ಬಂದ ಮೊದಲ ಒಂಬತ್ತು ದಿನಕ್ಕೆ ನವತಪಾ ಎನ್ನುತ್ತಾರೆ. ಬಿಸಿಲು 45 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಅಂಥ ಒಂದು ಮೇ ತಿಂಗಳಲ್ಲಿ ತಂತಿಯ ಮೇಲೆ ಕೊಕ್ಕು ತೆರೆದು ಕೂತಿದ್ದ ಗೊರವಂಕ ನನ್ನ ಕಣ್ಣೆದುರೇ ಕೆಳಗೆ ಬಿತ್ತು. ನೀರು ತರುವಷ್ಟರಲ್ಲಿ ಸತ್ತಿತ್ತು. ಅಂದಿನಿಂದ ಬಾರಿಗಿಡದ ಬುಡದಲ್ಲಿ, ನಿಮ್ಮ ಜಾಗ ಎಂದು ತಿಳಿದೂ, ಒಂದು ಅಗಲ ಬಾಯಿಯ ಮಣ್ಣಿನ ತಟ್ಟೆ ಇಡುತ್ತಾ ಬಂದಿದ್ದೇನೆ. ಎರಡು ಬೆರಳಿಗಿಂತ ಆಳ ಇರಬಾರದು, ಸಣ್ಣ ಹಕ್ಕಿ ಮುಳುಗುತ್ತದೆ. ನಡುವೆ ಎರಡು ಕಲ್ಲು ಇಟ್ಟರೆ ಜೇನುನೊಣವೂ ಕುಡಿದು ಹೋಗುತ್ತದೆ. ದಿನಾ ತಿಕ್ಕಿ ತೊಳೆಯಬೇಕು, ಇಲ್ಲದಿದ್ದರೆ ಸೊಳ್ಳೆಯೂ ರೋಗವೂ ಬರುತ್ತವೆ. ಬೆಳಗ್ಗೆ ಏಳಕ್ಕೆ ಪಿಕಳಾರ ಸ್ನಾನಕ್ಕೆ ಬರುತ್ತದೆ. ಆಮೇಲೆ ಗುಬ್ಬಿ, ಆಮೇಲೆ ಅಳಿಲು. ಮಧ್ಯಾಹ್ನ ಯಾರೂ ಇಲ್ಲದಾಗ ಕೆಂಬೂತ ನೆಲದ ಮೇಲೆ ನಡೆದು ಬಂದು, ಸುತ್ತ ನೋಡಿ, ಗಂಭೀರವಾಗಿ ಕುಡಿದು ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಅದಕ್ಕೆ ಭಾರದ್ವಾಜ ಎಂದು ಋಷಿಯ ಹೆಸರಿದೆ, ಕಂಡರೆ ಶುಭ ಎಂದು ನಂಬುತ್ತಾರೆ.

ಪ್ಲಾಟಿನ ಮುಂದೆ ಮಳೆನೀರು ನಿಲ್ಲುವ ತಗ್ಗಿನ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗನ ಗೂಡುಗಳು ತೂಗುತ್ತಿವೆ, ನೋಡಿದ್ದೀರಿ. ಈ ವರ್ಷ ಹನ್ನೊಂದು. ಅದಕ್ಕೆ ಮರಾಠಿಯ ಹೆಸರು ಸುಗರಣ, ಎಂದರೆ ಮನೆವಾರ್ತೆಯಲ್ಲಿ ಜಾಣೆಯಾದ ಹೆಣ್ಣುಮಗಳು. ಆದರೆ ಹೆಣೆಯುವುದೆಲ್ಲ ಗಂಡು. ಅರ್ಧ ಹೆಣೆದು, ಟೊಪ್ಪಿಗೆಯಂತಾದಾಗ ನಿಲ್ಲಿಸಿ ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಕೂತು, ಎಳೆದು ನೋಡಿ, ಒಪ್ಪಿದರೆ ಮಾತ್ರ ಉಳಿದರ್ಧ ಮುಗಿಯುತ್ತದೆ. ಒಪ್ಪದಿದ್ದರೆ ಆ ಗೂಡು ಹಾಗೇ ತೂಗುತ್ತಾ ಉಳಿಯುತ್ತದೆ. ನೀವು ಮನೆ ಕಟ್ಟಲು ಬರುವವರು, ಗೀಜಗನ ಕಷ್ಟ ನಿಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಇನ್ನು ನೀಲಕಂಠ. ಈ ಪತ್ರ ಬರೆಯಲು ಕೂತದ್ದೇ ಅದರ ಸಲುವಾಗಿ.

ನಮ್ಮಿಬ್ಬರ ಜಾಗದ ನಡುವೆ ಇರುವ ವಿದ್ಯುತ್ ಕಂಬದ ತಂತಿಯ ಮೇಲೆ ಅದು ಕೂರುತ್ತದೆ. ಕೂತಾಗ ಮಂಕು ಕಂದು ಬಣ್ಣದ ಸಾಧಾರಣ ಹಕ್ಕಿ. ಹುಲ್ಲಿನಲ್ಲಿ ಮಿಡತೆ ಮಿಸುಕಿದ್ದೇ ತಡ, ರೆಕ್ಕೆ ಬಿಚ್ಚುತ್ತದೆ, ಆಗ ನೋಡಬೇಕು ಆ ನೀಲಿಯನ್ನು. ಮಿಡತೆ ಹಿಡಿದು ಮತ್ತೆ ತಂತಿಗೆ. ಕರ್ನಾಟಕದ ರಾಜ್ಯಪಕ್ಷಿ ಅದು. ಒಡಿಶಾ, ತೆಲಂಗಾಣಕ್ಕೂ ಅದೇ. ದಸರೆಯ ದಿನ ನೀಲಕಂಠ ಕಂಡರೆ ವರ್ಷವಿಡೀ ಒಳ್ಳೆಯದು ಎಂಬ ನಂಬಿಕೆಯಿಂದ ಇಲ್ಲಿಯವರು ಬೆಳಗ್ಗೆ ಬೆಳಗ್ಗೆ ಊರ ಹೊರಗೆ ಹೋಗುತ್ತಾರೆ. ನನಗೆ ಹಿತ್ತಲಲ್ಲೇ ಸಿಗುತ್ತಿತ್ತು. ಬನ್ನಿ ವಿನಿಮಯ ಮಾಡಿಕೊಳ್ಳುವ ಮೊದಲು ತಂತಿಯತ್ತ ನೋಡುವುದು ನಮ್ಮ ಮನೆಯ ರೂಢಿಯಾಗಿತ್ತು. ಮೂರು ಇದ್ದವು, ಎರಡಾದವು. ಎರಡು ವರ್ಷದಿಂದ ಒಂದೇ ಬರುತ್ತಿದೆ.

ಇದು ನನ್ನೊಬ್ಬಳ ಹಿತ್ತಲ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ದೇಶದ 30,000ಕ್ಕೂ ಹೆಚ್ಚು ಹಕ್ಕಿವೀಕ್ಷಕರು ಬರೆದಿಟ್ಟ ದಾಖಲೆಗಳಿಂದ 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಬಂತು. 942 ಜಾತಿಗಳನ್ನು ಪರಿಶೀಲಿಸಿ, 178ಕ್ಕೆ ತುರ್ತು ರಕ್ಷಣೆ ಬೇಕು ಎಂದಿತು. ಸಂಖ್ಯೆ ಶೇ. 30ರಷ್ಟೋ ಅದಕ್ಕೂ ಹೆಚ್ಚೋ ಕುಸಿದು, ಅಳಿವಿನಂಚಿನ ಪಟ್ಟಿಯಲ್ಲಿ ಇವುಗಳ ಸ್ಥಾನವನ್ನು ಮತ್ತೆ ನೋಡಬೇಕು ಎಂದು ಅದು ಹೆಸರಿಸಿದ 14 ಹಕ್ಕಿಗಳಲ್ಲಿ ನೀಲಕಂಠವೂ ಒಂದು. ಎಲ್ಲೆಲ್ಲೂ ಕಾಣುವ ಹಕ್ಕಿ, ಇದಕ್ಕೇನು ಆಗುತ್ತದೆ ಎಂದು ನಾವೆಲ್ಲ ಸುಮ್ಮನಿದ್ದ ಹಕ್ಕಿ. ಅದಕ್ಕೆ ಬೇಕಾದದ್ದು ಬಯಲು, ಹುಲ್ಲು, ಮಿಡತೆ, ಗೂಡಿಗೆ ಒಂದು ಪೊಟರೆ ಇರುವ ಒಣಮರ. ನಾವು ಮೊದಲು ಕೀಳುವುದು ಇವುಗಳನ್ನೇ. ಹೊಲದಲ್ಲಿ ಉಳಿದ ಹುಳುವಿನ ಮೈಯಲ್ಲಿ ವಿಷ. 2017ರಲ್ಲಿ ಇದೇ ವಿದರ್ಭದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ 20ಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು. ಆಳಿನ ಜೀವ ತೆಗೆದ ಆ ಔಷಧ ಬಿದ್ದ ಹೊಲದಲ್ಲಿ ಮಿಡತೆ ಹೆಕ್ಕಿದ ಹಕ್ಕಿಗಳನ್ನು ಎಣಿಸಿದವರಿಲ್ಲ. ಹೊಲದ ನಡುವೆ ಹೀಗೆ ಔಷಧ ಬೀಳದ ತುಂಡುಗಳು ಎಂದರೆ ಊರಂಚಿನ ಖಾಲಿ ಪ್ಲಾಟುಗಳೇ.

ಹಾವಿನ ಭಯ ಇರುತ್ತದೆ ಎಂದು ನನಗೆ ಗೊತ್ತು. ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಂತೆ. ಸುಳ್ಳು ಹೇಳುವುದಿಲ್ಲ: ನಾಗರ ಇದೆ, ಕೇರೆ ಇದೆ, ಒಂದು ಮಳೆಗಾಲದಲ್ಲಿ ಕಟ್ಟುಹಾವೂ ಬಂದಿತ್ತು. ಆದರೆ ಹಾವು ಬಾರಿಗಿಡಕ್ಕಾಗಿ ಬರುವುದಿಲ್ಲ, ಇಲಿಗಾಗಿ ಬರುತ್ತದೆ. ಇಲಿ ಬರುವುದು ಕಸಕ್ಕೆ, ಕಾಂಪೌಂಡಿಗೆ ಒರಗಿಸಿಟ್ಟ ಒಡೆದ ಇಟ್ಟಿಗೆ, ತಗಡಿನ ರಾಶಿಗೆ. ಆ ರಾಶಿ ತೆಗೆಯಿರಿ, ರಾತ್ರಿ ಟಾರ್ಚಿಲ್ಲದೆ ಓಡಾಡಬೇಡಿ, ಮಳೆಗಾಲದಲ್ಲಿ ನೆಲದ ಮೇಲೆ ಮಲಗಬೇಡಿ. ವಿದರ್ಭದ ಊರೂರಿನಲ್ಲೂ ಸರ್ಪಮಿತ್ರರಿದ್ದಾರೆ. ಒಂದು ಫೋನಿಗೆ ಬಂದು, ಹಾವನ್ನು ಹಿಡಿದು, ಕಾಡಿಗೆ ಬಿಟ್ಟು ಬರುವ ಹುಡುಗರು. ಕೂಲರಿನ ಕೆಳಗೆ ಸೇರಿದ್ದ ನಾಗರವನ್ನು ಹಿಡಿದ ಹುಡುಗ ನನ್ನ ಮಗನಿಗಿಂತ ಎರಡು ವರ್ಷಕ್ಕೆ ದೊಡ್ಡವನು. ಯಾರಿಗಾದರೂ ಕಚ್ಚಿದರೆ ಮಾತ್ರ ಮಂತ್ರ, ಬೇರು, ಕಟ್ಟು ಯಾವುದೂ ಬೇಡ, ನೇರ ಆಸ್ಪತ್ರೆಗೆ.

ಸಂಕ್ರಾಂತಿಯಂದು ಹಣ್ಣಿನ ಜೊತೆಗೇ ಬರುವ ಒಂದು ಕೇಡು ಗಾಳಿಪಟದ ನೈಲಾನ್ ಮಾಂಜಾ. 2017ರಲ್ಲೇ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ನಿಷೇಧಿಸಿತು, ಹೈಕೋರ್ಟಿನ ನಾಗಪುರ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಆದರೂ ಪ್ರತಿ ಜನವರಿಯಲ್ಲಿ ಬಾರಿಗಿಡದ ತುದಿಗೆ ಆ ದಾರ ಸುತ್ತಿಕೊಂಡಿರುತ್ತದೆ. ಒಮ್ಮೆ ಅದರಲ್ಲಿ ಹಾಲಕ್ಕಿ ಸಿಕ್ಕಿಬಿದ್ದಿತ್ತು. ನಮ್ಮ ಬುಡುಬುಡಿಕೆಯವರು ಶಕುನ ಕೇಳುವ ಅದೇ ಪುಟ್ಟ ಗೂಬೆ. ಮರಾಠಿಯಲ್ಲಿ ಪಿಂಗಳಾ, ಇಲ್ಲಿಯ ಶಕುನ ಹೇಳುವವರಿಗೂ ಅದೇ ಹೆಸರು. ರೆಕ್ಕೆ ಕೊಯ್ದುಹೋಗಿತ್ತು. ಅರಣ್ಯ ಇಲಾಖೆಯ 1926 ನಂಬರಿಗೆ ಫೋನು ಮಾಡಿ, ನಾಗಪುರದ ಸೆಮಿನರಿ ಹಿಲ್ಸ್‌ನಲ್ಲಿರುವ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ಮುಟ್ಟಿಸಿದೆವು. ಹೊಲಿಗೆ ಹಾಕಿ, ಮೂರು ವಾರ ಇಟ್ಟುಕೊಂಡು ಬಿಟ್ಟರು. ಆ ನಂಬರು ನಿಮ್ಮ ಫೋನಿನಲ್ಲೂ ಇರಲಿ.

ಮುಳ್ಳಿನ ಗಿಡ ಮನೆಯ ಹತ್ತಿರ ಇರಬಾರದು ಎಂದು ನಿಮ್ಮ ವಾಸ್ತುವಿನವರು ಹೇಳಿದ್ದಾರೆಂದು ದಲಾಲಿ ಅಂದ. ಅವರೊಂದಿಗೆ ವಾದಕ್ಕಿಳಿಯುವಷ್ಟು ಓದಿದವಳಲ್ಲ ನಾನು. ಆದರೆ ಬದರಿ ಎಂದರೆ ಬಾರಿಗಿಡವೇ. ಬದರೀನಾಥ ತನ್ನ ಹೆಸರಿನಲ್ಲೇ ಆ ಗಿಡವನ್ನು ಇಟ್ಟುಕೊಂಡಿದ್ದಾನೆ. ಶಬರಿ ಕಚ್ಚಿ ನೋಡಿ ರಾಮನಿಗೆ ಕೊಟ್ಟದ್ದು ಇದೇ ಹಣ್ಣು ಎಂದು ನಮ್ಮ ಅವ್ವಂದಿರು ಹೇಳುತ್ತಾ ಬಂದಿದ್ದಾರೆ. ದೇವರಿಗೆ ಒಗ್ಗಿದ ಮರ ನಮ್ಮ ಹಿತ್ತಲಿಗೆ ಒಗ್ಗದೇ?

ನಮ್ಮೂರಿನ ಹತ್ತಿರ ಮಾಗಡಿ ಕೆರೆ ಇದೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ರಾತ್ರಿಯಾದರೆ ಬಾತುಗಳು ಹೊಲಕ್ಕೆ ಇಳಿದು ಬೆಳೆ ಮೇಯುತ್ತಿದ್ದವು. ನಮ್ಮ ಅಪ್ಪ ಒಮ್ಮೆಯೂ ಕವಣೆ ಬೀಸಲಿಲ್ಲ. "ಅಷ್ಟು ದೂರದಿಂದ ಬಂದಾವ, ಉಣ್ಣಲಿ" ಅನ್ನುತ್ತಿದ್ದ. ಅಪ್ಪನಿಗೆ ಇದ್ದದ್ದು ಮೂರೆಕರೆ. ಅದರಲ್ಲಿ ಎಷ್ಟು ಬಾತಿಗೆ ಹೋಯಿತು ಎಂಬ ಲೆಕ್ಕವನ್ನು ಅವನು ಇಡಲಿಲ್ಲ.

ಸೊಲ್ಲಾಪುರದಲ್ಲಿ 1932ರಲ್ಲಿ ಹುಟ್ಟಿ, ವಿದರ್ಭದ ನವೇಗಾಂವ, ನಾಗಝಿರಾ, ಮೇಳಘಾಟದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಮಾರುತಿ ಚಿತಂಪಲ್ಲಿಯವರು ಕಾಡಿನ ಜನರಿಂದ ಹಕ್ಕಿಗಳ ಹೆಸರು ಕೇಳಿ ಕೇಳಿ ಮರಾಠಿಗೆ ಪಕ್ಷಿಕೋಶ ಬರೆದರು. 2025ರ ಜೂನ್‌ನಲ್ಲಿ ತೀರಿಕೊಂಡರು. ಕನ್ನಡದಲ್ಲಿ ಆ ಕೆಲಸ ಮಾಡಿ ನಮ್ಮ ಕಣ್ಣು ತೆರೆಸಿದವರು ತೇಜಸ್ವಿ. ಇಬ್ಬರ ಪುಸ್ತಕಗಳೂ ನಮ್ಮ ಮನೆಯಲ್ಲಿವೆ. ನಿಮ್ಮ ಮಕ್ಕಳಿಗೆ ಕೊಡುತ್ತೇನೆ. ಎರಡು ಭಾಷೆಯ ಹೆಸರು ಒಟ್ಟಿಗೆ ಕಲಿತರೆ ಈ ಊರು ಅವರಿಗೆ ಬೇಗ ತಮ್ಮದಾಗುತ್ತದೆ, ನನಗೆ ಹಿಡಿದಷ್ಟು ವರ್ಷ ಹಿಡಿಯುವುದಿಲ್ಲ.

ಮನೆ ಕಟ್ಟಬೇಡಿ ಎನ್ನುತ್ತಿಲ್ಲ. ಸಾಲ ಮಾಡಿ ಜಾಗ ಕೊಂಡಿದ್ದೀರಿ, ದೊಡ್ಡ ಮನೆಯನ್ನೇ ಕಟ್ಟಿ. ಹಿಂಭಾಗದಲ್ಲಿ ನಿಯಮದಂತೆ ಹೇಗೂ ಜಾಗ ಬಿಡಬೇಕು. ಬಾರಿಗಿಡ ಇರುವುದು ಆ ಜಾಗದಲ್ಲೇ. ನಿನ್ನೆ ನಾನೂ ಮನೆಯವರೂ ಟೇಪು ಹಿಡಿದು ಅಳೆದೆವು: ಸುಣ್ಣದ ಗೆರೆಯಿಂದ ಕಾಂಡಕ್ಕೆ ಆರೂವರೆ ಅಡಿ. ಗೋಡೆಗೆ ತಾಗುವುದು ಎರಡೇ ಕೊಂಬೆ, ಅವನ್ನು ಸವರಿದರೆ ಸಾಕು. ಆ ಆರೂವರೆ ಅಡಿಗೆ ಪೇವರ್ ಹಾಕಬೇಡಿ, ಮಣ್ಣು ಮಣ್ಣಾಗಿಯೇ ಇರಲಿ, ಹುಲ್ಲಿಗೆ ಕಳೆನಾಶಕ ಬೇಡ. ಮುಂದಿನ ಜಾಲಿ ಹೋಗಲೇಬೇಕಾದರೆ ಗೀಜಗನ ಮರಿಗಳು ಹಾರುವ ತನಕ, ದೀಪಾವಳಿಯವರೆಗೆ, ತಡೆಯಿರಿ. ಗೂಡು ಖಾಲಿಯಾದ ದಿನ ನಾನೇ ಹೇಳುತ್ತೇನೆ. ಕೆಲಸ ನಡೆಯುವಷ್ಟು ದಿನ ನೀರು, ಕರೆಂಟು ನಮ್ಮ ಮನೆಯಿಂದ ತೆಗೆದುಕೊಳ್ಳಿ. ಗಾರೆಯವರಿಗೆ ಚಹಾ ನಮ್ಮದು.

ಒಂದು ವಿಷಯ ಮಾತ್ರ ತಡೆಯುವಂಥದ್ದಲ್ಲ. ಬಾರಿಗಿಡದ ನಡುಕೊಂಬೆಯಲ್ಲಿ, ಎದೆಯ ಮೇಲೆ ಮೀನಿನ ಪೊರೆಯಂಥ ಚುಕ್ಕೆಗಳಿರುವ ರಾಟವಾಳದ ಗೂಡಿದೆ. ಒಣಹುಲ್ಲಿನ ಚೆಂಡಿನಂತಿದೆ, ಕೆಳಗಿನಿಂದ ನೋಡಿದರೆ ಕಸ ಸಿಕ್ಕಿಕೊಂಡಿದೆ ಎಂದುಕೊಳ್ಳಬೇಕು. ಸೋಮವಾರದಿಂದ ಒಳಗಿನಿಂದ ಮರಿಗಳ ದನಿ ಬರುತ್ತಿದೆ. ಜೆಸಿಬಿಯವನು ಮರ ನೋಡುತ್ತಾನೆ, ಗೂಡು ನೋಡುವುದಿಲ್ಲ. ಅವನು ಬರುವ ಮೊದಲು ನೀವು ಬನ್ನಿ. ಬೆಳಗ್ಗೆ ಆರು ಗಂಟೆಗೆ ಬಂದರೆ ತಾಯಿ ಹಕ್ಕಿ ಹೊರಡುವುದು ಕಾಣುತ್ತದೆ. ಗೇಟಿಗೆ ಬೀಗ ಹಾಕಿರುವುದಿಲ್ಲ.

ನಿಮ್ಮ ಪಕ್ಕದ ಮನೆಯ ಅಕ್ಕ